ಪೆರುಂಬಾಡಿ ಚೆಕ್‌ಪೋಸ್ಟಿನಲ್ಲಿ ಹಾಯಿ

ನಾಲ್ಕು ಗಂಟೆಯ ಕತ್ತಲಲ್ಲಿ ವಿರಾಜಪೇಟೆ ಬಿಟ್ಟೆವು.
ಮೊಯ್ದುವಿನ ಜೀಪು, ಹಿಂದೆ ಮಡಿಚಿಟ್ಟ ಹಾಯಿ,
ಅದನ್ನೇ ಮೆತ್ತೆ ಮಾಡಿಕೊಂಡು ಕೂತ ನಾವು ಮೂವರು:
ನೌಕಾಪಡೆಯಲ್ಲಿ ಹದಿನೈದು ವರ್ಷ ಬಾವುಟ ಬೀಸಿ
ಈಗ ಏಲಕ್ಕಿ ಒಣಗಿಸುವ ಮಂದಣ್ಣ,
ಗಡಿಯಾರ ಕಂಬದ ಹತ್ತಿರ ರವಿಕೆ ಹೊಲಿಯುವ ಸೀತವ್ವ,
ಕಾಫಿ ಕ್ಯೂರಿಂಗಿನಲ್ಲಿ ತೂಕ ಬರೆಯುವ ನಾನು.

ನಮ್ಮದೂ ಒಂದು ದೋಣಿಯಿದೆ. ಹೆಸರು ಬಾಳೆಲೆ.
ಊರಿನ ಹೆಸರೋ ಊಟದ ಎಲೆಯೋ ಎಂದು ಕೇಳಿದರೆ
ಮಂದಣ್ಣ ಎರಡಕ್ಕೂ ತಲೆಯಾಡಿಸುತ್ತಾನೆ.
ಚಿಕ್ಲಿಹೊಳೆಯ ಕಟ್ಟೆನೀರಲ್ಲಿ ಭಾನುವಾರ ಭಾನುವಾರ
ಅದು ಮುಂದೆ ಹೋಗುವುದಕ್ಕಿಂತ ಸುತ್ತುವುದೇ ಹೆಚ್ಚು.
ಗುಡ್ಡದ ಗಾಳಿಯನ್ನು ನಂಬುವಂತಿಲ್ಲ,
ಮುಂಬಾಗಿಲಲ್ಲಿ ಕಾದರೆ ಹಿತ್ತಲಿಂದ ಬರುತ್ತದೆ.
ದಡದಲ್ಲಿ ಎಮ್ಮೆ ಕಾಯುವ ಹುಡುಗ
ಹೋದ ತಿಂಗಳು ಕೂಗಿ ಕೇಳಿದ: ಹುಟ್ಟು ಬೇಕಾ?
ಅವತ್ತೇ ತೀರ್ಮಾನವಾಯಿತು.
ಹಾಯಿಯನ್ನು ಒಮ್ಮೆ ಸಮುದ್ರಕ್ಕೆ ತೋರಿಸಿಕೊಂಡು ಬರುವುದು,
ಸೊರಗಿದ ಮಗುವನ್ನು ದೊಡ್ಡಾಸ್ಪತ್ರೆಗೆ ತೋರಿಸುವ ಹಾಗೆ.

ಮಾಕುಟ್ಟದ ಇಳಿಜಾರು. ಆವಿಯಾಡುವ ಆನೆಲದ್ದಿ.
ಮೊಯ್ದು ದೀಪ ಆರಿಸಿ ಕಾದ, ಏನೂ ಬರಲಿಲ್ಲ.
ಮೆಣಸು ಇಳಿದ ದಾರಿ, ಉಪ್ಪು ಹತ್ತಿದ ದಾರಿ
ಎಂದು ನಾನು ಶುರುಮಾಡಿದೆ, ಅಜ್ಜನ ಕಥೆ.
ಸೀತವ್ವ ಆಗಲೇ ನಿದ್ದೆ ಹೋಗಿದ್ದಳು.

ತಲಚೇರಿಯಲ್ಲಿ ಕೋಟೆಗೆ ಹತ್ತು ನಿಮಿಷ ಕೊಟ್ಟೆವು.
ಗೋಡೆ ಗೋಡೆಯ ಹಾಗೇ ಇತ್ತು.
ಹಳೇ ಗೋದಾಮುಗಳ ಬೀಗ ಬಾಗಿಲಿಗೇ ತುಕ್ಕು ಹಿಡಿದು ಕೂತಿದೆ.
ಸೀತವ್ವ ಸಂದಿಗೆ ಮೂಗಿಟ್ಟು, ಇನ್ನೂ ಮೆಣಸಿದೆ ಅಂದಳು.
ನನಗೆ ಬರೀ ಮೀನು.

ಮರಳಲ್ಲಿ ಹಾಯಿ ಬಿಚ್ಚಿದೆವು. ನೀಲಿ ಟಾರ್ಪಾಲು,
ಎರಡು ವರ್ಷ ಕಾಫಿ ಒಣಗಿಸಿದ್ದು.
ಮಡಿಕೆಯಿಂದ ನಾಲ್ಕು ಬೀಜ ಉದುರಿದವು.
ದೋಣಿಗಳ ನೆರಳಲ್ಲಿ ಬಲೆ ಹೆಣೆಯುತ್ತಿದ್ದ ಕಣಾರನ್
ಎದ್ದು ಬಂದ. ನಗುತ್ತಾನೆ ಅಂದುಕೊಂಡೆವು.
ಮೂವತ್ತು ವರ್ಷದಿಂದ ಇಂಜಿನ್ನಿನವನು ಆತ,
ಹಾಯಿ ಅವನ ಅಜ್ಜನ ಕಾಲದ ಸಂಗತಿ.
ಆದರೂ ಅಂಚಿನ ಹೊಲಿಗೆಯನ್ನು ಬೆರಳಲ್ಲಿ ಓದುತ್ತಾ ಹೋಗಿ
ನಡುವೆ ನಿಂತ. ಅಂಗೈಯನ್ನು ಬೋಗುಣಿ ಮಾಡಿ ತೋರಿಸಿದ:
ಹೊಲಿಗೆ ಗಟ್ಟಿ. ಆದರೆ ಚಾಪೆ.
ಗಾಳಿಗೆ ಕೂರಲು ಜಾಗವಿಲ್ಲ. ಹೊಟ್ಟೆ ಬಿಡಬೇಕು.

ಮಂದಣ್ಣ ನೌಕಾಪಡೆಯ ಇಂಗ್ಲಿಷಿನಲ್ಲಿ ಏನೋ ಹೇಳಹೊರಟ.
ಸೀತವ್ವ ಹಣೆ ಚಚ್ಚಿಕೊಂಡಳು:
ಅಯ್ಯೋ, ಟಕ್ಸು!
ಇಪ್ಪತ್ತಾರು ವರ್ಷ ಊರಿನ ರವಿಕೆಗೆಲ್ಲ ಹಿಡಿದಿದ್ದೀನಿ,
ಇದಕ್ಕೆ ಮಾತ್ರ ಗಂಡಸರ ಮಾತು ಕೇಳಿ ನೇರ ಹೊಲಿದೆ.

ಆಮೇಲೆ ಆತ ತನ್ನ ದೋಣಿಯಲ್ಲಿ ನಮ್ಮನ್ನು ಕೂರಿಸಿಕೊಂಡು
ಅಲೆಯಾಚೆ ಇಂಜಿನ್ ನಿಲ್ಲಿಸಿದ.
ಮಾತಿಲ್ಲ. ಎಡಗೆನ್ನೆಯ ಮೇಲೆ ಒಂದೇ ಸಮನೆ ಗಾಳಿ.
ಕಾಲು ಗಂಟೆಯಾದರೂ ಎಡಗೆನ್ನೆಯ ಮೇಲೇ.
ಮಂದಣ್ಣ ಮುಖ ಆಚೆ ತಿರುಗಿಸಿಕೊಂಡಿದ್ದ.
ಯಾರೂ ಏನೂ ಕೇಳಲಿಲ್ಲ.

ರಾತ್ರಿ ಒಂಬತ್ತೂವರೆ, ಪೆರುಂಬಾಡಿ.
ಪೇದೆ ಟಾರ್ಚು ಹಾಕಿದ. ಹಿಂದೆ ಏನಿದೆ?
ಹಾಯಿ.
ಯಾರ ನಾಯಿ?
ನಾಯಲ್ಲ, ಹಾಯಿ. ದೋಣಿಗೆ ಕಟ್ಟುವುದು.
ಅವನು ಗುಡ್ಡ ನೋಡಿದ, ನಮ್ಮನ್ನು ನೋಡಿದ.
ಬಾಟಲಿ ಇರಬೇಕೆಂದು ಮಡಿಕೆ ಮಡಿಕೆಯಾಗಿ ಬಿಡಿಸಿದ,
ರಸ್ತೆಯಗಲ. ಅಷ್ಟರಲ್ಲಿ ಘಾಟಿಯಿಂದ ಒಂದು ಗಾಳಿ
ಹತ್ತಿಬಂದು ಹಾಯಿ ಅವನ ಕೈಯಲ್ಲೇ ಎದ್ದಿತು.
ಬಿಡಬೇಡ! ಎಂದು ಸೀತವ್ವ ಚೀರಿದಳು.
ಬಿಡಲಿಲ್ಲ. ಎರಡು ಹೆಜ್ಜೆ ತೇಲಿಹೋದ,
ಟೊಪ್ಪಿ ಬಿತ್ತು, ಮೀಸೆಯಡಿ ಹಲ್ಲು ಕಂಡಿತು.
ಹೋಗಿ, ಹೋಗಿ, ಎಂದ. ಆಮೇಲೆ ಮೆಲ್ಲಗೆ:
ಇದು ಯಾವ ವಾರ, ಎಲ್ಲಿ?

ಲೆಕ್ಕ ಬರೆದಿಟ್ಟಿದ್ದೇನೆ. ಡೀಸೆಲ್ ಸಾವಿರದ ಇನ್ನೂರು.
ಮೀನೂಟ ನಾಲ್ಕು. ಕಣಾರನ್ ದುಡ್ಡು ಮುಟ್ಟಲಿಲ್ಲ,
ಆ ನಾಲ್ಕು ಕಾಫಿಬೀಜ ಮಾತ್ರ ಜೇಬಿಗಿಳಿಸಿದ.
ಗಡಿಯಾರ ಕಂಬದ ಹತ್ತಿರ ಹನ್ನೊಂದಕ್ಕೂ ದೀಪ ಉರಿಯುತ್ತಿದೆ.
ಯಾರದೋ ಮದುವೆಯ ರವಿಕೆ ಪಕ್ಕಕ್ಕೆ ಸರಿಸಿ
ಹಲ್ಲಿನಲ್ಲಿ ನೂಲು ಕಚ್ಚಿ
ಸೀತವ್ವ ನೀಲಿ ಟಾರ್ಪಾಲಿನ ಹೊಲಿಗೆ ಬಿಚ್ಚುತ್ತಿದ್ದಾಳೆ.