ತಿರುಗಿಸಿದ ಕೋಟು

ಗಡಿಯಾರ ಕಂಬದಿಂದ ಕೆಳಗಿಳಿದರೆ ಮೂರನೇ ಅಂಗಡಿ,
ಲಾಜರ್ ಟೈಲರ್ಸ್ ಎಂದು ಬೋರ್ಡು. ಅಪ್ಪ ಇಲ್ಲ, ಬೋರ್ಡಿದೆ.
ಮಧ್ಯಾಹ್ನ ಎರಡರಿಂದ ಮೂರು, ವಿರಾಜಪೇಟೆ ತೂಕಡಿಸುವ ಹೊತ್ತು,
ದಾರದುಂಡೆಯ ಡಬ್ಬಿಗೆ ಫೋನು ಒರಗಿಸಿ
ನಾನೂ ರುಕಿಯಾಳೂ ಇಂಗ್ಲಿಷು ಕಲಿಯುತ್ತೇವೆ.

ಅವಳಿಗೆ ಬ್ಯಾಂಕ್ ಪರೀಕ್ಷೆ. ನನಗೆ ಯಾವ ಪರೀಕ್ಷೆಯೂ ಇಲ್ಲ,
ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷು ಎರಡು ಸಲ ಹೊರಗೆ ನೂಕಿತ್ತು,
ಆ ಸಿಟ್ಟು.
ಮೇಷ್ಟ್ರು ಯಾರೆಂದರೆ ಯಾವುದೋ ದೇಶದ ಕನ್ನಡಕದವನು,
ಮೇಜಿನ ಹಿಂದೆ ಕೂತು ತನ್ನ ಮಂತ್ರಿಗಳನ್ನು
ಮೀನು ಸೀಳಿದಂತೆ ಸೀಳುತ್ತಾನೆ.
ಸೂಟು ಒಳ್ಳೆಯದು, ಭುಜದಲ್ಲಿ ಸ್ವಲ್ಪ ಎಳೆದಿದೆ.

ಮೊದಮೊದಲು ನಗು ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ.
ಅಲ್ಲಿ ಜನ ನಕ್ಕಾಗ ನಾವೂ ನಗುವುದು,
ಗುರುತಿಲ್ಲದವರ ಮದುವೆಯಲ್ಲಿ ಊಟಕ್ಕೆ ಕೂತ ಹಾಗೆ.
ಆಮೇಲೆ ನಿಲ್ಲಿಸಿ, ಹಿಂದಕ್ಕೆಳೆದು, ಮತ್ತೆ ಕೇಳಿ,
ಸಿಕ್ಕ ಪದವನ್ನು ಸೀಮೆಸುಣ್ಣದಲ್ಲಿ
ಕಟ್ಟಿಂಗ್ ಪೇಪರಿನ ಮೇಲೆ ಗೀಚುವುದು.
ಯಾರದೋ ರವಿಕೆಯ ತೋಳಿನಳತೆ, ಪಕ್ಕದಲ್ಲೇ ಲೇಮ್ ಡಕ್.
ಪೋರ್ಕ್ ಬ್ಯಾರಲ್ ಬಂದ ದಿನ
ಪಂದಿಕರಿಯ ಪೀಪಾಯಿ ಎಂದುಕೊಂಡು ನಾನು ಬಾಯಿ ಚಪ್ಪರಿಸಿದೆ.
ನೋಡಿದರೆ, ತನ್ನ ಕ್ಷೇತ್ರಕ್ಕಷ್ಟೇ ಸರ್ಕಾರದ ದುಡ್ಡು ಸುರಿಸಿಕೊಳ್ಳುವುದಂತೆ.
ರುಕಿಯಾ ಅಂದಳು, "ನನಗೆ ಎರಡೂ ಆಗದು."

ಒಂದು ದಿನ ಮಾತ್ರ ರೇಗಿತು.
ಫ್ಯಾಬ್ರಿಕೇಟ್ ಅಂದ. ಬಟ್ಟೆಯ ಮಾತೆಂದು ಕಿವಿಗೊಟ್ಟರೆ
ಇಲ್ಲದ್ದನ್ನು ಹುಟ್ಟಿಸಿ ಹೇಳುವುದು.
ಸ್ಪಿನ್ ಅಂದ, ನೂಲುವುದಲ್ಲ, ಸುದ್ದಿ ತಿರುಚುವುದು.
ಲೂಪ್‌ಹೋಲ್, ನನ್ನ ಕಾಜದಂಥದೇ ಕಂಡಿ,
ಗುಂಡಿಯ ಬದಲು ಕಳ್ಳ ತೂರುತ್ತಾನೆ.
"ಇವರ ಮೋಸಕ್ಕೆಲ್ಲ ದರ್ಜಿ ಅಂಗಡಿಯೇ ಬೇಕಾ?" ಎಂದೆ.
ರುಕಿಯಾ ಹಲ್ಲಲ್ಲಿ ದಾರ ಕಡಿಯುತ್ತಾ,
"ನಾವು ಟೋಪಿ ಹಾಕಲ್ವಾ ಅಕ್ಕ? ತೇಪೆ ಹಚ್ಚಲ್ವಾ?"

ಹೂಮಳೆ ಬಿದ್ದ ವಾರ ಕಲಿತದ್ದು ಟರ್ನ್‌ಕೋಟ್.
ಪಕ್ಷದಿಂದ ಪಕ್ಷಕ್ಕೆ ಹಾರುವವನು,
ಕೋಟಿನ ಒಳಮೈ ಹೊರಗೆ ಮಾಡಿಕೊಂಡವನು.
ಅಲ್ಲಿ ಜನ ಹೊಟ್ಟೆ ಹಿಡಿದು ನಗುತ್ತಿದ್ದರು.
ನಾನು ನಗಲಿಲ್ಲ.

ಅಪ್ಪ ತಿರುಗಿಸುತ್ತಿದ್ದ, ಕೋಟುಗಳನ್ನು.
ಹೊಸ ಕುಪ್ಯ ಹೊಲಿಸಲಾಗದವರು
ಕತ್ತಲಾದ ಮೇಲೆ ಹಿಂಬಾಗಿಲಿಗೆ ತರುತ್ತಿದ್ದರು,
ಕರಿ ಬಣ್ಣ ಬಿಸಿಲಿಗೆ ಸೋತು ತಾಮ್ರವಾಗಿರುತ್ತಿತ್ತು.
ಒಂದೊಂದೇ ಹೊಲಿಗೆ ಬಿಚ್ಚಿ, ಒಳಗಿನ ಕಪ್ಪು ಹೊರಗೆ ತಂದು,
ಕೋಳಿ ಕೂಗುವುದರೊಳಗೆ ಮುಗಿಸುತ್ತಿದ್ದ.
ಯಾರದೆಂದು ಅಮ್ಮನಿಗೂ ಹೇಳುತ್ತಿರಲಿಲ್ಲ.
ಮದುವೆಗೆ ಹೋದರೆ
ಅಪ್ಪ ಯಾರ ಬೆನ್ನನ್ನೂ ನೋಡುತ್ತಿರಲಿಲ್ಲ.

ಮರುವಾರ ಪಂಚಾಯಿತಿಯ ಮಾಜಿ ಅಧ್ಯಕ್ಷರು ಬಂದರು,
ಜೀಪಿನ ತುಂಬ ಶಾಲು.
"ಈ ಅಂಚು ಕಿತ್ತು ಆ ಅಂಚು ಹಚ್ಚು. ನಲವತ್ತು. ನಾಳಿದ್ದು ಸಭೆ."
ನಾಲಿಗೆ ತುದಿಯಲ್ಲಿದ್ದದ್ದು ಜಾರಿಬಿಟ್ಟಿತು,
"ಟರ್ನ್‌ಕೋಟಾ ಸಾರ್?"
"ಹ್ಞಾಂ, ಕೋಟೂ ಒಂದಿದೆ, ಒಳ್ಳೆ ನೆನಪು ಮಾಡಿದೆ ನೋಡು,"
ಎಂದು ಡ್ರೈವರನ್ನು ಕೂಗಿದರು.
ರುಕಿಯಾ ಗುಂಡಿ ಡಬ್ಬಿಯೊಳಗೆ ಮುಖ ಹುದುಗಿಸಿದಳು.

ಬಿಲ್ಲನ್ನು ಇಂಗ್ಲಿಷಿನಲ್ಲೇ ಬರೆದೆ.
ಟರ್ನಿಂಗ್, ಶಾಲು, ನಲವತ್ತು. ಟರ್ನಿಂಗ್, ಕೋಟು, ಒಂದು.
ಅಪ್ಪನ ರಾತ್ರಿಯ ರೇಟಲ್ಲ, ನನ್ನ ಹಗಲಿನ ರೇಟು.
ಸ್ಪೆಲ್ಲಿಂಗು ರುಕಿಯಾ ತಿದ್ದಿದಳು.
ಅವರು ಓದಲಿಲ್ಲ, ಮಡಚಿ ಜೇಬಿಗಿಟ್ಟು,
"ದುಡ್ಡು ಗೆದ್ದ ಮೇಲೆ" ಎಂದು ಜೀಪು ಹತ್ತಿದರು.

ಧೂಳು ಇಳಿಯುವ ತನಕ ಇಬ್ಬರೂ ಬಾಗಿಲಲ್ಲಿ ನಿಂತಿದ್ದೆವು.
"ಇದಕ್ಕೂ ಇಂಗ್ಲಿಷಿನಲ್ಲಿ ಏನೋ ಒಂದು ಇರಬೇಕಕ್ಕ,"
ಅವಳು ಫೋನಿಗೆ ಕೈ ಹಾಕಿದಳು,
ನಾನು ಸೀಮೆಸುಣ್ಣ ಹುಡುಕಿದೆ.