ಮೀಟರ್ ಓದುವವಳ ಕ್ಯಾಮೆರಾ

ಎಸ್.ಪಿ. ರಸ್ತೆಯ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ
ಒಂಬತ್ತು ಸಾವಿರಕ್ಕೆ ಕೊಂಡದ್ದು,
ಲೆನ್ಸಿನೊಳಗೆ ಒಂದು ಚುಕ್ಕೆ ಬೂಷ್ಟು ಪುಕ್ಕಟೆ.

ಮೊದಲ ತಿಂಗಳು ಸಿಕ್ಕಿದ್ದೆಲ್ಲ ಹೊಡೆದೆ:
ಹೆಬ್ಬಾಳದ ಕೆರೆ, ಅದರ ಮೇಲೆ ಕೆಂಪು,
ಕೆಂಪಿನ ಮೇಲೆ ಇನ್ನಷ್ಟು ಕೆಂಪು;
ನಮ್ಮ ಸಬ್‌ಡಿವಿಷನ್ನಿನ ಎಲ್ಲರನ್ನೂ ಗೋಡೆಗೆ ಒರಗಿಸಿ
"ನಗಿ" ಅಂದೆ. ನಕ್ಕರು,
ಬಿಲ್ಲು ಜಾಸ್ತಿ ಬಂದವರು ನನ್ನ ಕಂಡು ನಗುವ ಹಾಗೆ.

ಕಾಕ್ಸ್ ಟೌನಿನ ಫಿಲೋಮಿನಮ್ಮ,
ನಲವತ್ತು ವರ್ಷ ಪಾಸ್‌ಪೋರ್ಟ್ ಸೈಜಿನಲ್ಲೇ ಜಗತ್ತು ನೋಡಿದವರು,
ಪ್ರಿಂಟುಗಳನ್ನು ಇಸ್ಪೀಟಿನ ಎಲೆಯ ಹಾಗೆ ಕಲಸಿ ಒಂದನ್ನೆತ್ತಿ
"ಇವರ ತಲೆಯಿಂದ ಲೈಟ್ ಕಂಬ ಹುಟ್ಟಿದೆಯಲ್ಲಮ್ಮಾ,
ಹೆತ್ತವರಿಗೆ ಗೊತ್ತಾ?" ಅಂದರು.
ಇನ್ನೊಂದು: "ನಿಂಗೆ ಕೆರೆ ಬೇಕಿತ್ತಾ, ಬಣ್ಣ ಬೇಕಿತ್ತಾ?
ಬಣ್ಣ ಬೇಕಿದ್ರೆ ಸೀರೆ ಅಂಗಡಿ ಇದೆ."

ಆಮೇಲೆ ಟೀ ಕೊಟ್ಟರು. ಕಲಿಸಿದ್ದು ಇಷ್ಟೇ:
ಮುಖವನ್ನು ಕಿಟಕಿಯ ಪಕ್ಕ ಕೂರಿಸು, ಎದುರಲ್ಲ.
ಒಂದು ಕೆನ್ನೆ ಬೆಳಕಿಗೆ ಬಿಡು, ಒಂದನ್ನು ಅವರಿಗೇ ಬಿಡು.
ಮಂಡಿ ಊರಲು ನಾಚಬೇಡ.
ಮತ್ತೆ, ಸುಮ್ಮನಿರು. ಫೋಟೋ ಆಯಿತು ಅಂದುಕೊಂಡು
ಅವರು ಭುಜ ಇಳಿಸುತ್ತಾರಲ್ಲ, ಆಗ.

ಮಂಡಿ ಊರಲು ನನಗೆ ಹೇಳಿಕೊಡಬೇಕೆ?
ಹದಿನೇಳು ವರ್ಷ ಗೇಟಿನ ಬದಿಯ ಗುಂಡಿಗೆ ಬಗ್ಗಿ
ಜೇಡರ ಬಲೆ ಸರಿಸಿ, ಗಾಜು ಸೆರಗಲ್ಲಿ ಒರೆಸಿ
ಅಂಕಿ ಓದಿದವಳು.
ಬೆಳಕಿಗೂ ಒಂದು ಮೀಟರಿದೆ ಎಂದು ಮಾತ್ರ
ಈ ಕಿಂಡಿಯೊಳಗಿನ ಗೆರೆ ಅಲುಗಿದಾಗಲೇ ತಿಳಿದದ್ದು.
ಸದಾಶಿವನಗರಕ್ಕೂ ದೊಡ್ಡಿಗುಂಟೆಗೂ
ಆರೂವರೆಯ ಬಿಸಿಲು ಒಂದೇ ಸ್ಲ್ಯಾಬು.
ಅಲ್ಲ, ಸುಳ್ಳು. ದೊಡ್ಡಿಗುಂಟೆಯ ಓಣಿಗೆ
ಅದು ಬರುವುದೇ ಒಂಬತ್ತಕ್ಕೆ,
ಒಂದೇ ಗೋಡೆಗೆ, ಒಂದೇ ಗಳಿಗೆ.

ಲಾಲ್‌ಬಾಗಿನ ಬಂಡೆಗೆ ಐದು ಭಾನುವಾರ ಹೋದೆ.
ನಾಲ್ಕು ಸಲ ಆಕಾಶ ತೆಗೆದೆ.
ಐದನೆಯ ಸಲ ಮೋಡ ಮುಚ್ಚಿ ಆಕಾಶವೇ ಇಲ್ಲ;
ಬೇರೆ ದಾರಿಯಿಲ್ಲದೆ ಬಂಡೆಯನ್ನು ನೋಡಿದೆ.
ಬದಿಯಿಂದ ಒಂದೇ ಒಂದು ಸೀಳು ಬಿಸಿಲು.
ಅದರ ಸುಕ್ಕು, ಸಿಡುಬಿನ ಕಲೆ,
ಯಾವತ್ತಿನದೋ ನೀರು ಇಳಿದ ಗೆರೆ.
ಭುಜ ಇಳಿಸಿತೋ ಏನೋ. ಒತ್ತಿದೆ.

ಪಿಳ್ಳಮುನಿಯಪ್ಪನನ್ನು ಕೊನೆಗೆ ಇಟ್ಟುಕೊಂಡಿದ್ದೆ.
ನಮ್ಮ ವಾಲ್ವ್‌ಮ್ಯಾನ್. ರಾತ್ರಿ ಎರಡಕ್ಕೆದ್ದು
ಎಂಟು ರಸ್ತೆಗೆ ನೀರು ಬಿಡುವವನು.
ಪಂಪ್‌ಹೌಸಿನ ಕಿಟಕಿ, ಬೆಳಗಿನ ಬೆಳಕು, ಒಂದು ಕೆನ್ನೆ,
ಹಿಂದೆ ಕಂಬವಿಲ್ಲ, ತಂತಿಯಿಲ್ಲ, ಕ್ಯಾಲೆಂಡರಿಲ್ಲ;
ಕೈಲಿದ್ದ ಆಳುದ್ದದ ಕಬ್ಬಿಣದ ಕೀಲಿ ಈಸಿಕೊಂಡು
ಬಾಗಿಲ ಹಿಂದೆ ಇಟ್ಟೆ, ಚೌಕಟ್ಟು ಕೆಡುತ್ತಿತ್ತು.
ಫಿಲೋಮಿನಮ್ಮ ಪಟ ನೋಡಿ ಕನ್ನಡಕ ತೆಗೆದರು. ಏನೂ ಅನ್ನಲಿಲ್ಲ.
ಬಸ್ಸಿನಲ್ಲಿ ಒಬ್ಬಳೇ ನಕ್ಕೆ.

ಪಿಳ್ಳಮುನಿಯಪ್ಪ ಅದನ್ನು ತೋಳುದ್ದ ದೂರ ಹಿಡಿದ,
ತಿರುಗಿಸಿ ಹಿಂಬದಿಯನ್ನೂ ನೋಡಿದ.
"ಚೆನ್ನಾಗೈತೆ ಕಣಕ್ಕ. ಯಾರಿದು?"
ಸ್ವಲ್ಪ ತಡೆದು, "ನನ್ ಕೀಲಿ ಎಲ್ಲೋಯ್ತು?"

ಅವತ್ತು ರಾತ್ರಿ ಎರಡಕ್ಕೆ ಅವನ ಹಿಂದೆ ಹೋದೆ.
ಕಿಟಕಿಯಿಲ್ಲ; ಬೀದಿದೀಪದ ಹಳದಿ, ಒಂದು ನಾಯಿ,
ಕಂಬವಂತೂ ನೆಟ್ಟಗೆ ಅವನ ತಲೆಯ ಮೇಲೇ.
ಮುಚ್ಚಳ ಎತ್ತಿ, ಕೀಲಿ ಇಳಿಸಿ,
ಅಡ್ಡ ಹಿಡಿಗೆ ಇಡೀ ಮೈ ಕೊಟ್ಟು ಸುತ್ತಿದ.
ನೆಲದಡಿ ನೀರು ಗೊರ್ರೆಂದು ಮಗ್ಗುಲು ಬದಲಿಸಿತು.
ಫೋಟೋ ಅಲ್ಲಾಡಿದೆ. ಮುಖ ಅರ್ಧ ಕರಗಿದೆ,
ಗಾಣದ ಎತ್ತಿನಂತೆ ಅವನು ಸುತ್ತಿದ ಜಾಗವೆಲ್ಲ ಹೊಗೆ;
ನಡುವೆ ಕೀಲಿಯೊಂದೇ ಅಲುಗದೆ ನಿಂತಿದೆ.

ಫಿಲೋಮಿನಮ್ಮನಿಗೆ ಇನ್ನೂ ತೋರಿಸಿಲ್ಲ.
ಕಂಬದ ಬಗ್ಗೆ ಏನನ್ನುತ್ತಾರೋ.
ಅವನು ಮಾತ್ರ ಪಂಪ್‌ಹೌಸಿನ ಗೋಡೆಯಲ್ಲಿ
ನೀರು ಬಿಡುವ ವೇಳಾಪಟ್ಟಿಯ ಮೇಲೆಯೇ
ಅದಕ್ಕೆ ಗೋಂದು ಹಚ್ಚಿ ಅಂಟಿಸಿಬಿಟ್ಟಿದ್ದಾನೆ.
ಯಾವ ರಸ್ತೆಗೆ ಯಾವ ದಿನ ಎಂದು
ಇನ್ನು ಅವನನ್ನೇ ಕೇಳಬೇಕು.