ಸೊನ್ನೆಯಿಂದ ಹತ್ತರೊಳಗೆ

ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿಗೆ
ಸುತ್ತು ಹಾಕಿ ಅನ್ನುತ್ತದೆ ಕಾಗದ:
ಚಿಕಿತ್ಸೆ ನಿಮಗೆ ಎಷ್ಟು ತೃಪ್ತಿ ಕೊಟ್ಟಿದೆ?
ಯಾರೂ ಕದ್ದೊಯ್ಯದಂತೆ ಪೆನ್ನಿಗೆ ದಾರ ಕಟ್ಟಿದ್ದಾರೆ,
ದಾರ ಗಿಡ್ಡ, ಬಗ್ಗಿಯೇ ಬರೆಯಬೇಕು.
ಬಗ್ಗಿದೆ. ಏನೂ ಆಗಲಿಲ್ಲ.
ಇದನ್ನು ಬರೆಯಲು ಇಲ್ಲಿ ಜಾಗವಿಲ್ಲ.

ನಮ್ಮೂರು ವುಚ್. ಹಾಗೆಂದರೆ ದೋಣಿ.
ದೋಣಿಯೆಂಬ ಊರಿನ ನಡುವೆ ಕಣ್ಣಿಗೆ ಬೀಳುವ ಹೊಳೆಯಿಲ್ಲ;
ಇದ್ದವನ್ನು ನೂಲಿನ ಗಿರಣಿಗಳ ಕಾಲಕ್ಕೇ
ಕೊಳವೆಗೆ ತುರುಕಿ, ಕಲ್ಲು ಹಾಸಿ, ಬೀದಿ ಮಾಡಿದರು.
ಅದರ ಮೇಲೆ ಇಪ್ಪತ್ತಾರು ವರ್ಷ ಟ್ರಾಮ್ ಓಡಿಸಿದವಳು ನಾನು,
ಯೊಲಾಂತಾ, ಇಬ್ಬರ ತಾಯಿ.
ಎರಡನೆಯವನು ಹುಟ್ಟುವಾಗ ನಾಲ್ಕು ಕಿಲೋ ಆರುನೂರು ಗ್ರಾಂ.
ಆ ತೂಕವನ್ನು ಅತ್ತೆ ಸಿಹಿಯಂತೆ ಬೀದಿಗೆಲ್ಲ ಹಂಚಿದಳು;
ಹೊತ್ತ ನೆಲ ಕುಸಿದದ್ದನ್ನು
ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೂವತ್ತೆಂಟು ನಿಲ್ದಾಣ. ಶೌಚಾಲಯ ಎರಡು,
ಈ ತುದಿಗೊಂದು, ಆ ತುದಿಗೊಂದು.
ನಡುವಿನದೆಲ್ಲ ನನ್ನ ಪಾಡು.
ನವೆಂಬರಿನಲ್ಲಿ ಹಳಿಯ ಮೇಲೆ ಎಲೆ ಕೊಳೆತು ಜಾರುವಾಗ
ಬ್ರೇಕ್ ಒತ್ತಿದರೆ ಚಕ್ರದಡಿ ಮರಳು ಸುರಿಯುತ್ತದೆ.
ಟ್ರಾಮ್ ನಿಲ್ಲುತ್ತಿತ್ತು. ನನ್ನದು ನಿಲ್ಲುತ್ತಿರಲಿಲ್ಲ.
ಕಪ್ಪು ಪ್ಯಾಂಟೇ ಇರಲಿ ಎಂದು ಬೇಡಿದೆ.
ಬಾಯಾರಿಕೆ ಸಮವಸ್ತ್ರದ ಐದನೆಯ ಗುಂಡಿಯಾಯಿತು.
ಸೀನು ಬಂದರೆ ತೊಡೆ ಬಿಗಿ, ನಗು ಬಂದರೆ ತೊಡೆ ಬಿಗಿ,
ಗಂಡನ ಪೆಟ್ಟಿಗೆ ಮಣ್ಣಿಗಿಳಿಸುವಾಗ
ಬಿಕ್ಕಿದರೆ ಎಲ್ಲಿ ಹರಿದೀತೋ ಎಂದು
ಹಲ್ಲು ಕಚ್ಚಿ ನಿಂತೆ.
ಗಟ್ಟಿಗಿತ್ತಿ ಅಂದರು ನೆರೆದವರು.

ಮೊದಲ ಡಾಕ್ಟರು, ವಯಸ್ಸಾಯಿತಲ್ಲ ಅಂದರು.
ಆಗ ನನಗೆ ನಲವತ್ತೊಂದು.

ಹದಿನೇಳು ವರ್ಷ ಕಳೆದು ಸಿಕ್ಕಿದಳು ಕಿಂಗಾ,
ನನ್ನ ಮಗನ ವಾರಿಗೆಯ ಹುಡುಗಿ, ಉಗುರಿಗೆ ಕಿತ್ತಳೆ ಬಣ್ಣ.
ಪ್ಲಾಸ್ಟಿಕ್ಕಿನ ಸೊಂಟದ ಗೂಡನ್ನು ಬುಟ್ಟಿಯಂತೆ ಎತ್ತಿ ಹಿಡಿದು
ಇಗೋ, ಇಲ್ಲಿ ಜೋತಿದೆ ನೋಡಿ ಅಂದಳು,
ಪರದೆ ಜೋತಿದೆ ಅಂದಷ್ಟು ಸಲೀಸಾಗಿ.
ಒಂದು ಸಿಲಿಕಾನ್ ಉಂಗುರ ಕೂರಿಸಿದಳು
(ಬೆರಳಿನದ್ದನ್ನು ಬಿಚ್ಚಿಟ್ಟು ವರ್ಷವಾಗಿತ್ತು).
ಒಳಗೊಂದು ಲಿಫ್ಟ್ ಇದೆ ಅಂದುಕೊಳ್ಳಿ, ಮೇಲಕ್ಕೆ ತನ್ನಿ.
ಅಮ್ಮಣ್ಣಿ, ನಮ್ಮ ಕಟ್ಟಡದ ಲಿಫ್ಟ್ ಕೆಟ್ಟು ಮೂರು ವರ್ಷ!
ನಾನು ಟ್ರಾಮಿನ ನೆತ್ತಿಯ ತೋಳನ್ನು ನೆನೆದೆ:
ಮೆಲ್ಲಗೆ ಏಳುತ್ತದೆ, ತಂತಿ ಮುಟ್ಟುತ್ತದೆ,
ಹಿಡಿದಿರುತ್ತದೆ. ಹತ್ತು ಎಣಿಸಿ ಇಳಿಸು.
ಪ್ರತಿ ಕೆಂಪು ದೀಪಕ್ಕೂ ಹೀಗೆ ಏಳು ತಿಂಗಳು.
ಬೆನ್ನ ಹಿಂದಿನ ನೂರು ಜನಕ್ಕೆ
ಡ್ರೈವರಮ್ಮ ಸುಮ್ಮನೆ ರಸ್ತೆ ನೋಡುತ್ತಿದ್ದಳು.

ಪೂರ್ತಿ ವಾಸಿಯೇ? ಇಲ್ಲ.
ಕೆಮ್ಮು ಹತ್ತಿದ ವಾರ ಈಗಲೂ ನಾಲ್ಕು ಹನಿ.
ಉಂಗುರವನ್ನು ತೊಳೆಯಬೇಕು, ಮರೆತರೆ ಬೈಗುಳ.

ಆದರೆ ಕ್ರಿಸ್ಮಸ್ಸಿಗೆ ಎರಡು ದಿನ ಮುಂಚೆ
ಮುದುಕಿಯೊಬ್ಬಳು ಬಕೆಟ್ಟಿನಲ್ಲಿ ಜೀವಂತ ಕಾರ್ಪ್ ಮೀನು ತಂದಳು,
ತಿರುವಿನಲ್ಲಿ ಬಕೆಟ್ ಮಗುಚಿತು.
ಮೀನು ಪಟಪಟ ಬಡಿಯುತ್ತ ನಡುದಾರಿಯುದ್ದ,
ಹಿಂದೆ ಒಬ್ಬ ಪಾದ್ರಿ, ಇಬ್ಬರು ಕುಡುಕರು, ಶಾಲೆಯ ಮಕ್ಕಳು,
ಎಲ್ಲರೂ ಮಂಡಿಯೂರಿ, ಯಾರ ಕೈಗೂ ಸಿಗದೆ
ನನ್ನ ಬಾಗಿಲಿಗೆ ಬಂದು ಬಡಿಯಿತು, ಟಿಕೆಟ್ ಕೇಳುವಂತೆ.
ನಕ್ಕೆ ನಾನು. ಪಕ್ಕೆ ಹಿಡಿದು, ಕಣ್ಣೀರು ಸುರಿದು,
ಗಂಟೆಯ ಗುಂಡಿಯ ಮೇಲೆ ತಲೆಯಿಟ್ಟು ನಕ್ಕೆ,
ಟ್ರಾಮ್ ಬೀದಿಗೆಲ್ಲ ಕೇಳುವಂತೆ ಟಣಟಣ ಅಂದಿತು.
ಆಮೇಲೆ ಎದ್ದು ನಿಂತೆ. ತಿರುಗಿ ಸೀಟು ನೋಡಿದೆ.
ಒಣಗಿತ್ತು.
ಒದ್ದೆಯಾಗಿದ್ದದ್ದು ಮೀನು ಮಾತ್ರ.

ಎಂಟಕ್ಕೆ ಸುತ್ತು ಹಾಕಿದೆ.
ಉಳಿದೆರಡು? ಕಿಂಗಾಳ ಹುಬ್ಬು ಏರಿತು.
ನಿನ್ನ ಲೆಕ್ಕದ್ದಲ್ಲ ಬಿಡು ಅಂದೆ.
ಒಂದು, ಯಾರೂ ಕೇಳದೇ ಹೋದ ಆ ವರ್ಷಗಳದ್ದು.
ಇನ್ನೊಂದು ಟ್ರಾಮ್ ಕಂಪನಿಯದು, ನಿಲ್ದಾಣ ಎರಡರಿಂದ ಮೂವತ್ತೇಳು.

ಮೆಟ್ಟಿಲ ಹತ್ತಿರ ಕುಡಿಯುವ ನೀರು.
ಡ್ಯೂಟಿಗೆ ಇನ್ನು ಅರ್ಧ ಗಂಟೆ.
ಒಂದು ಲೋಟ ಕುಡಿದೆ.
ತಣ್ಣಗಿತ್ತು. ಇನ್ನೊಂದು ಹಿಡಿದೆ.